ಹಾಕದೇ ಉಳಿದ ಹೊದಳು

ತಂಗಿಯ ಮದುವೆಯಲ್ಲಿ ಅವಳ ಬೊಗಸೆಗೆ ಹೊದಳು ಹಾಕಬೇಕಾಗಿದ್ದವನು ನಾನು. ಹೋಗಲಿಲ್ಲ. ಭತ್ತ ಹುರಿದ ಆ ಅರಳನ್ನು ಅಣ್ಣ ಹಾಕಬೇಕು, ಮದುಮಗಳು ಅದನ್ನು ಹೋಮಕ್ಕೆ ಬಿಡಬೇಕು. ಅದು ನಮ್ಮ ಕ್ರಮ. ಅವಳಿಗೆ ನಾನೊಬ್ಬನೇ ಅಣ್ಣ. ಅವಳು ನನ್ನಲ್ಲಿ ಕೇಳಿದ್ದೂ ಅದೊಂದನ್ನೇ.

ನಾನೂ ತಂಗಿಯೂ ಗಲ್ಫಿನಲ್ಲಿ ದುಡಿಯುವವರು. ಹುಡುಗ ಗಯಾನಾ ದೇಶದವನು. ತಂಗಿ ನರ್ಸ್ ಆಗಿರುವ ಅಲ್ ಐನ್‌ನ ಆಸ್ಪತ್ರೆಯಲ್ಲೇ ಎಕ್ಸ್‌ರೇ ತೆಗೆಯುತ್ತಾನೆ. ಮೊದಲ ಸಲ ಅವನನ್ನು ಎಲೆಕ್ಟ್ರಾ ಸ್ಟ್ರೀಟಿನ ನನ್ನ ಟೈಲರ್ ಅಂಗಡಿಗೆ ಕರೆತಂದಳು. ಮುಖ ನೋಡಿದರೆ ನಮ್ಮವನೇ. ಹೆಸರೂ ದೇವರದ್ದೇ. ಹಿಂದಿಯಲ್ಲಿ ಮಾತಾಡಿಸಿದೆ, ನಕ್ಕು ತಲೆಯಾಡಿಸಿದ. ಒಂದಕ್ಷರ ಬಾರದು. ಅವನ ಇಂಗ್ಲಿಷ್ ಹಾಡಿನ ಹಾಗಿತ್ತು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ತಲೆಬುಡ ತಿಳಿಯಲಿಲ್ಲ.

“ಮೂಲ ಯಾವ ಊರಂತೆ, ಕೇಳು” ಎಂದೆ ತಂಗಿಗೆ.

“ಗೊತ್ತಿಲ್ವಂತೆ. ಮುತ್ತಜ್ಜ ಇಂಡಿಯಾದಿಂದ ಕಬ್ಬು ಕಡಿಯುವ ಕೆಲಸಕ್ಕೆ ಹಡಗು ಹತ್ತಿ ಗಯಾನಾಕ್ಕೆ ಹೋದದ್ದಂತೆ.”

“ಊರೇ ಗೊತ್ತಿಲ್ಲದ ಜನ ಉಂಟಾ? ಗೋತ್ರ?”

“ನಿಂಗೆ ಪೊಲೀಸ್ ಕೆಲಸ ಸಿಗ್ಬೇಕಿತ್ತು ಮಾರಾಯ. ಟೈಲರ್ ಆಗಿ ಹಾಳಾದೆ.”

ಅವನು ಮಾಡಿ ತಂದ ರೊಟ್ಟಿ ನೋಡಲು ಹೋಳಿಗೆಯೇ, ಒಳಗೆ ಬೇಳೆ. ಬಾಯಿಗಿಟ್ಟರೆ ಬೆಲ್ಲವಿಲ್ಲ, ಜೀರಿಗೆ ಖಾರ. ಜೊತೆಗೆ ತಂದ ಕಪ್ಪು ಕೇಕಿಗೆ ರಮ್ಮಿನ ವಾಸನೆ. ಎಲ್ಲವೂ ನಮ್ಮದರ ಹಾಗೆ, ಯಾವುದೂ ನಮ್ಮದಲ್ಲ. ನಮ್ಮವನೆಂದು ನಂಬಿಸಲು ಕಲಿತು ಬಂದಿದ್ದಾನೆ ಅನಿಸಿತು. ಕೋಟಿನ ಅಳತೆ ತೆಗೆಯುವ ನೆಪದಲ್ಲಿ ಕುತ್ತಿಗೆಯಲ್ಲಿ ಶಿಲುಬೆ ಉಂಟೋ, ಸೊಂಟದಲ್ಲಿ ಉಡಿದಾರ ಉಂಟೋ ಎಂದು ತಡಕಿದೆ. ಎರಡೂ ಇರಲಿಲ್ಲ. ಅದರಿಂದಲೂ ಸಂಶಯ ಹೆಚ್ಚಿತು.

ಮದುವೆ ಖಲೀಫಾ ಸಿಟಿಯ ಒಂದು ವಿಲ್ಲಾದಲ್ಲಿ. ಆ ಬೆಳಿಗ್ಗೆ ತಂಗಿಗೆ ಫೋನ್ ಮಾಡಿ, “ಯೂನಿಫಾರ್ಮಿನ ಅರ್ಜೆಂಟ್ ಆರ್ಡರ್ ಉಂಟು, ಬರ್ಲಿಕ್ಕೆ ಆಗುದಿಲ್ಲ” ಎಂದೆ. ಅಂಗಡಿಯ ಶಟರ್ ಅರ್ಧ ಎಳೆದು, ನೂಲು ಪೋಣಿಸದ ಮಿಶನ್ನಿನ ಮುಂದೆ ಸುಮ್ಮನೆ ಕೂತಿದ್ದೆ. ಮುಂದೆ ಅವನ ಬಣ್ಣ ಬಯಲಾದ ದಿನ, ಈ ಮದುವೆಗೆ ಹೋಗದೆ ಉಳಿದದ್ದಕ್ಕೆ ನನ್ನನ್ನು ಎಲ್ಲರೂ ಹೊಗಳುತ್ತಾರೆ ಎಂದುಕೊಂಡಿದ್ದೆ.

ಕೆಲವು ತಿಂಗಳ ನಂತರ ತಂಗಿ ಊಟಕ್ಕೆ ಕರೆದಳು. ಈಗಲಾದರೂ ಅವನದೇನಾದರೂ ಹುಳುಕು ಸಿಕ್ಕೀತೆಂದು ಹೋದೆ. ಊಟವಾದ ಮೇಲೆ ಬಾವ ಟೀವಿಯಲ್ಲಿ ಮದುವೆಯ ವಿಡಿಯೋ ಹಾಕಿದ. ಅವನ ದೇಶದ ಮುದುಕರೊಬ್ಬರು ಮಂತ್ರ ಹೇಳುತ್ತಿದ್ದರು. ಪಕ್ಕದಲ್ಲಿ ತಟ್ಟೆ ತುಂಬ ಹೊದಳು. ತಂಗಿ ಬೊಗಸೆ ಒಡ್ಡಿದಳು. ಮುದುಕರು ತಲೆ ಎತ್ತಿ ಏನೋ ಕೇಳಿದರು. ಎಲ್ಲರೂ ಗೇಟಿನ ಕಡೆ ತಿರುಗಿದರು. ಯಾರೂ ಬರಲಿಲ್ಲ. ಅವರು ಮತ್ತೊಮ್ಮೆ ಕೇಳಿದರು.

“ಎಂತ ಕೇಳುದು ಅವರು?”

“ಹುಡುಗಿಯ ಅಣ್ಣ ಎಲ್ಲಿ ಅಂತ. ಇವರಲ್ಲೂ ಅಣ್ಣನೇ ಹಾಕುದು. ಲಾವಾ ಅಂತಾರೆ ಹೊದಳಿಗೆ.”

ವಿಡಿಯೋದಲ್ಲಿ ಅವಳ ಕೈ ಹಾಗೇ ಚಾಚಿತ್ತು. ಕೊನೆಗೆ ಬಾವನ ಗೆಳೆಯನೊಬ್ಬ ಎದ್ದು ಬಂದು ಹೊದಳು ಹಾಕಿದ. ತಂಗಿ ಟೀವಿಯಿಂದ ಕಣ್ಣು ತೆಗೆಯದೆ ಕೇಳಿದಳು:

“ಆ ಆರ್ಡರ್ ಮುಗೀತಾ ಅಣ್ಣ?”

“ಆರ್ಡರ್ ಇರ್ಲೇ ಇಲ್ಲ. ಬಾವನ ಮೇಲೆ ಸಂಶಯ ಇತ್ತು, ಅದಕ್ಕೇ ಬರ್ಲಿಲ್ಲ. ನಿನ್ನ ಕೈ ಖಾಲಿ ಬಿಟ್ಟೆ. ತಪ್ಪಾಯ್ತು ತಂಗಿ. ಅವನಿಗೂ ಹೇಳು, ನನ್ನಿಂದ ತಪ್ಪಾಯ್ತು.”