ಹುಡ್ ಅಂದರೆ ಯಾವುದು

ಲಾಯ್ಡ್ ಮೇಲೆ ನನಗೆ ಬರುವಷ್ಟು ಸಿಟ್ಟು ನಮ್ಮ ಅಮೆರಿಕನ್ ಗಿರಾಕಿಗಳ ಮೇಲೂ ಬರುವುದಿಲ್ಲ. ಆ ಗಿರಾಕಿಗಳೇನು ಸಾಮಾನ್ಯರಲ್ಲ. ಡಾರ್ಮ್‌ಸ್ಟಾಟ್‌ನ ನಮ್ಮ ವರ್ಕ್‌ಶಾಪಿಗೆ ಬಂದು ಐವತ್ತು ವರ್ಷ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಕೊಳ್ಳುತ್ತಾರೆ. ಅದನ್ನು ಹಡಗಿಗೆ ಹಾಕುವ ಮುಂಚೆ ಎರಡು ವಾರ ಯುರೋಪ್ ಸುತ್ತುತ್ತಾರೆ. ಲೈಟ್ ಆರಿಸದೆ ಹೋಗಿ ಮಲಗುತ್ತಾರೆ, ಬೆಳಿಗ್ಗೆ ಬ್ಯಾಟರಿ ಸತ್ತಿದೆ ಅಂತ ಕೂಗಾಡುತ್ತಾರೆ. ವ್ಯಾನಿನಲ್ಲಿ ಸಾಮಾನು ತುಂಬಿಕೊಂಡು ಅವರ ಜೊತೆ ಹೋಗುವ ಮೆಕ್ಯಾನಿಕ್ ಲಾಯ್ಡ್ ಇಳಿದು, “ಸಾರಿ ಸರ್, ಮೈ ಮಿಸ್ಟೇಕ್” ಅನ್ನುತ್ತಾರೆ.

“ನಿಮ್ಮ ತಪ್ಪು ಹೇಗ್ರೀ ಆಗತ್ತೆ?” ಅಂತ ಒಮ್ಮೆ ಜಗಳವೇ ಆಡಿದ್ದೆ.

“ಎಂತ ಹೋಗ್ತದೆ ಮಾರಾಯ್ರೆ, ಒಂದು ‘ಸಾರಿ’ ಹೇಳಿದ್ರೆ ಅವ್ರ ಬಾಯಿ ಬಂದ್ ಆಗ್ತದೆ.”

ಲಾಯ್ಡ್ ಉಡುಪಿಯವರು. ಇಪ್ಪತ್ತು ವರ್ಷ ಚಿಕ್ಕಪ್ಪನ ಗ್ಯಾರೇಜಿನಲ್ಲಿ ಜೀಪು ಬಿಚ್ಚಿ ಕಟ್ಟಿದವರು. ಎಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಾರೆ. ಇಲ್ಲಿ ಅವರ ಪ್ರೊಬೆತ್ಸೈಟ್, ಅಂದರೆ ಆರು ತಿಂಗಳ ಪರೀಕ್ಷೆಯ ಅವಧಿ, ಮುಗಿಯಲು ಹತ್ತೇ ದಿನ ಇತ್ತು. ಕೆಲಸ ಖಾಯಂ ಆದ ಕೂಡಲೇ ಹೆಂಡತಿ ಜೆಸಿಂತಾ, ಮಗಳು ಸ್ವೀಡಲ್ ಇಬ್ಬರನ್ನೂ ಕರೆಸಿಕೊಳ್ಳಬೇಕು. ಮನೆಯನ್ನೂ ನೋಡಿಟ್ಟಿದ್ದರು. ನಾನು ಕೀರ್ತಿ, ಮೈಸೂರಿನವಳು. ವರ್ಕ್‌ಶಾಪಿನ ಫೋನು, ಕಾಗದಪತ್ರ ನನ್ನ ಪಾಲು.

ಆ ಗುರುವಾರ ಗ್ಯಾರಿ ಎಂಬ ಗಿರಾಕಿ ಹೆಂಡತಿಯ ಜೊತೆ ನ್ಯೂರೆಂಬರ್ಗ್ ದಾರಿಯಲ್ಲಿದ್ದ. ಬೆಳಗಿನಿಂದ ಏಳನೇ ಸಲ ಫೋನ್ ಮಾಡಿದ. ಹುಡ್ ಸಡಿಲವಾಗಿದೆ, ಪಟಪಟ ಹೊಡೆದುಕೊಳ್ಳುತ್ತಿದೆ ಅಂದ. ನನಗೆ ತಲೆ ಚಿಟ್ಟು ಹಿಡಿದಿತ್ತು. ಹುಡ್ ಅಂದರೆ ಗೊತ್ತಿಲ್ಲವೇ, ನಮ್ಮ ಕಡೆ ಜೀಪಿಗೆ ಹಾಕುವ ಟಾರ್ಪಾಲು! ಅವನ ಫೋನು ಹಿಡಿದುಕೊಂಡೇ, ವ್ಯಾನಿನಲ್ಲಿ ಮುಂದೆ ಹೋಗಿದ್ದ ಲಾಯ್ಡ್‌ಗೆ ಇನ್ನೊಂದರಲ್ಲಿ ಹೇಳಿದೆ: “ಗ್ಯಾರಿ ಕಾರಿನ ಮೇಲಿನ ಬಟ್ಟೆ ಹಾರಾಡ್ತಾ ಇದ್ಯಂತೆ. ಏನು ಮಾಡ್ಲಿ ಅಂತಾನೆ.”

“ಮಳೆ ಉಂಟಾ?”

“ಇಲ್ಲ.”

“ಬಟ್ಟೆ ಅಲ್ವಾ? ಹಾರಿದ್ರೆ ಹಾರ್ಲಿ. ಬರ್ಲಿಕ್ಕೆ ಹೇಳಿ, ನ್ಯೂರೆಂಬರ್ಗಲ್ಲಿ ಕಟ್ಟಿ ಕೊಡ್ತೇನೆ.”

ಏನೂ ಆಗಲ್ಲ, ಓಡಿಸಿ ಅಂದೆ ಗ್ಯಾರಿಗೆ. ಅವನು ಎರಡೆರಡು ಸಲ ಕೇಳಿದ, ಖಂಡಿತವೇ ಅಂತ. ಮೆಕ್ಯಾನಿಕ್ಕೇ ಹೇಳಿದ್ದಾರೆ ಅಂದೆ.

ಅಮೆರಿಕದವರ ಬಾಯಲ್ಲಿ ಹುಡ್ ಅಂದರೆ ಬಾನೆಟ್, ಎಂಜಿನ್ನಿನ ಮೇಲಿನ ಮುಚ್ಚಳ. ಹತ್ತು ನಿಮಿಷಕ್ಕೆ ಅದು ಗಾಳಿಗೆ ಎದ್ದು ಮುಂದಿನ ಗಾಜಿಗೆ ಬಡಿಯಿತು. ದಾರಿ ಕಾಣದೆ ಗ್ಯಾರಿ ಪಕ್ಕದ ಕಬ್ಬಿಣದ ತಡೆಗೆ ಗುದ್ದಿದ. ಅವನ ಹೆಂಡತಿಯ ಮಣಿಕಟ್ಟು ಮುರಿಯಿತು. ದೇವರು ದೊಡ್ಡವನು, ಇಬ್ಬರ ಜೀವ ಉಳಿಯಿತು.

ಮರುದಿನ ಮಾಲೀಕ ಕೆಸ್ಲರ್ ವಿವರಣೆ ಕೇಳಿದರು. ಲಾಯ್ಡ್ ಬರೆದುಕೊಟ್ಟದ್ದು ಒಂದೇ ಸಾಲು: ಓಡಿಸಲು ಹೇಳಿದ್ದು ನಾನು, ತಪ್ಪು ನನ್ನದು. ಅದರಲ್ಲಿ ಬಟ್ಟೆಯ ಮಾತಿರಲಿಲ್ಲ, ನನ್ನ ಹೆಸರಿರಲಿಲ್ಲ. ಅವರನ್ನು ಕೆಲಸದಿಂದ ತೆಗೆಯುವ ಪತ್ರ ಟೈಪ್ ಮಾಡು ಅಂತ ಕೆಸ್ಲರ್ ನನಗೇ ಹೇಳಿದರು.

ವರ್ಕ್‌ಶಾಪಿಗೆ ಓಡಿದೆ. “ಬಟ್ಟೆ ಅಂದಿದ್ದು ನಾನು. ಯಾಕ್ರೀ ಹೇಳ್ಲಿಲ್ಲ?”

“ಹೇಳಿದ್ರೆ ಆ ಹೆಂಗಸಿನ ಕೈ ಸರಿ ಆಗ್ತದಾ? ನಿಮ್ಮನ್ನೂ ತೆಗೀತಾರೆ ಅಷ್ಟೆ. ನನ್ನ ಕೈಯಲ್ಲಿ ಕೆಲಸ ಉಂಟು, ಎಲ್ಲಿಯಾದ್ರೂ ಬದುಕ್ತೇನೆ.”

“ಸ್ವೀಡಲ್‌ಗೆ ಏನು ಹೇಳ್ತೀರಿ?”

ಲಾಯ್ಡ್ ಸ್ಪ್ಯಾನರ್ ಒರೆಸುತ್ತಲೇ ಇದ್ದರು.

ನನಗೆ ಮೈಯೆಲ್ಲ ಉರಿದುಹೋಯಿತು. ದೊಡ್ಡ ಧರ್ಮರಾಯ! ಮಾಡದ ತಪ್ಪಿಗೆಲ್ಲ ತಲೆ ಕೊಡುವುದು ಈ ಮನುಷ್ಯನಿಗೆ ಚಟವಾಗಿತ್ತು, ನಮಗೆಲ್ಲ ಅದು ಅನುಕೂಲವಾಗಿತ್ತು. ಮೇಜಿಗೆ ಹಿಂದಿರುಗಿ ಪತ್ರ ಟೈಪ್ ಮಾಡಿದೆ, ಹೆಸರಿನ ಜಾಗದಲ್ಲಿ ನನ್ನದು ಹಾಕಿದೆ. ಕೆಸ್ಲರ್ ಮುಂದಿಟ್ಟು, ನನ್ನ ಹರಕು ಜರ್ಮನ್‌ನಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು, ಆಮೇಲೆ ಸಹಿ ಮಾಡಿದರು.

ಸುದ್ದಿ ತಿಳಿದು ಲಾಯ್ಡ್ ಮುಖ ಕೆಂಪಗೆ ಮಾಡಿಕೊಂಡು ಬಂದರು. “ತಲೆ ಸರಿ ಉಂಟಾ ನಿಮ್ಗೆ? ಯಾರು ಹೇಳ್ಲಿಕ್ಕೆ ಹೇಳಿದ್ದು?”

“ಸುಮ್ನಿರಿ. ನಿಮ್ಮ ಕೆಲಸ ಉಳೀತಲ್ಲ, ಹೋಗಿ ಜೆಸಿಂತಾಗೆ ಫೋನ್ ಮಾಡಿ.”

ಅವರು ಗೋಡೆಯ ಕಡೆ ತಿರುಗಿ ನಿಂತರು. ಭುಜ ಅಲುಗುತ್ತಿತ್ತು. ನನಗೂ ಅಳು ಬಂತು, ಆದರೆ ಕೂತು ಅಳುವ ಹಾಗಿರಲಿಲ್ಲ. ಆಸ್ಪತ್ರೆಯಲ್ಲಿದ್ದ ಗ್ಯಾರಿಯ ಹೆಂಡತಿ ಇನ್ನೂ ಲಾಯ್ಡ್ ಅವರನ್ನೇ ಬೈಯುತ್ತಿದ್ದಳು. ಅವಳಿಗೂ ನಿಜ ಹೇಳಬೇಕಿತ್ತು, ಆಸ್ಪತ್ರೆಯ ನಂಬರ್ ಒತ್ತಿದೆ.