ನಡೆಯದ ಸಭೆಗೆ ಅವ್ವನ ಹೆಬ್ಬೆಟ್ಟು

ನಾನು ಚಿಕ್ಕವಳಿದ್ದಾಗ ದೇವರ ದೀಪ ತಿಕ್ಕುವ ಕೆಲಸ ನನ್ನದು. ಸೋಮವಾರದ ಪೂಜೆಗೆ ಭಾನುವಾರವೇ ತಿಕ್ಕಿಡಬೇಕು. ಅವತ್ತೂ ನಮ್ಮೂರ ಮನೆಯ ಜಗಲಿಯಲ್ಲಿ ಕುಳಿತು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತಿದ್ದೆ. ಪಕ್ಕದಲ್ಲಿ ಅಕ್ಕ ಪೌರನೀತಿ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದಳು.

ಹತ್ತನೇ ಕ್ಲಾಸಿನಲ್ಲಿ ಅಕ್ಕ ಗಣಿತ ಪಾಸು, ವಿಜ್ಞಾನ ಪಾಸು. ಚರಿತ್ರೆ, ಪೌರನೀತಿ ಇರುವ ಸಮಾಜ ಒಂದರಲ್ಲಿ ಫೇಲು. ಅದೊಂದು ಹೋದರೆ ಸರ್ಟಿಫಿಕೇಟೇ ಇಲ್ಲ. "ರಾಜರು ಸತ್ತು ಎಷ್ಟು ಕಾಲಾತು, ಅವರನ್ನ ಬಾಯಿಪಾಠ ಮಾಡಿ ಏನಾಗ್ಬೇಕು? ಈ ಸಲವೂ ಡುಮ್ಕಿ ಹೊಡೆದ್ರೆ ಓದು ಸಾಕು" ಎಂದು ಅಪ್ಪ ಹೇಳಿಬಿಟ್ಟಿದ್ದ. ಟೀಚರಾಗಬೇಕೆಂದಿದ್ದ ಅಕ್ಕನಿಗೆ ಊಟವೇ ಸೇರುತ್ತಿರಲಿಲ್ಲ.

ಆಗ ಪಂಚಾಯ್ತಿ ಜವಾನ ಬಂದ. ಕಂಕುಳಲ್ಲಿ ಉದ್ದನೆಯ ಪುಸ್ತಕ, ಕೈಯಲ್ಲಿ ಮಸಿಡಬ್ಬಿ. "ಅಮ್ಮಾರೆ, ಗ್ರಾಮಸಭೆ ಆತು. ಇಲ್ಲೊಂದು ಹೆಬ್ಬೆಟ್ಟು ಒತ್ರಿ."

ಪ್ರತಿಸಲವೂ ಹೀಗೆಯೇ. ಸಭೆ ನಡೆಯುತ್ತಿರಲಿಲ್ಲ, ಪುಸ್ತಕವೇ ಮನೆಮನೆಗೆ ಬರುತ್ತಿತ್ತು. ಅಪ್ಪ ಪಂಚಾಯ್ತಿ ಮೆಂಬರು. ಅವನ ಸಹಿ ಮೊದಲೇ ಬಿದ್ದಿತ್ತು. ಅವ್ವ ರೊಟ್ಟಿಹಿಟ್ಟಿನ ಕೈ ಒರೆಸಿಕೊಂಡು ಬಂದಳು.

"ತಡಿ ಅವ್ವಾ" ಎಂದಳು ಅಕ್ಕ. "ಸಭೆ ಯಾವಾಗಾತು? ಊರೋರೆಲ್ಲ ಸೇರ್ಬೇಕು ಅಂತ ಪುಸ್ತಕದಾಗೈತೆ."

ಜವಾನ ನಕ್ಕ. "ಅದು ಪರೀಕ್ಷೆಗೆ ಬರೆಯೋಕೆ ಕಣವ್ವಾ!"

ಒಳಗಿನಿಂದ ಅಪ್ಪ ಬಂದ. ಪರೀಕ್ಷೆಯ ಫೀಸು ಕಟ್ಟಬೇಕಾದವನು ಅವನೇ. ಆದರೂ ಅಕ್ಕ ಹಾಳೆ ತಿರುವಿ ಆ ಸಾಲನ್ನು ಪೂರ್ತಿ ಓದಿದಳು. ಅಪ್ಪನ ಮುಖ ಕೆಂಪಾಯಿತು.

ಅಷ್ಟರಲ್ಲಿ ಅವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಸಭೆ ಆಗಿದ್ರೆ ನಾನು ಬಾವಿಗೆ ಕಟ್ಟೆ ಕೇಳ್ತಿದ್ನಲ್ರೀ. ಮಕ್ಳು ಅಲ್ಲೇ ಆಡ್ತಾವೆ. ಯಾರನ್ನ ಕೇಳ್ಲಿ, ಈ ಪುಸ್ತಕನಾ?"

ಅಪ್ಪ ಜವಾನನ ಪುಸ್ತಕ ತೆಗೆದುಕೊಂಡು ತನ್ನ ಸಹಿ ನೋಡಿದ. ಬೆರಳಿನ ಗಾಯಕ್ಕೆ ಹುಣಸೆಹುಳಿ ತಾಗಿ ಉರಿಯುತ್ತಿದ್ದರೂ ನಾನು ತಿಕ್ಕುತ್ತಲೇ ಇದ್ದೆ. ಕೊನೆಗೆ ಅಪ್ಪ ಜವಾನನಿಗೆ ಹೇಳಿದ: "ತಗಂಡು ಹೋಗು ಮಾರಾಯ. ಸಭೆ ಕರೀಲಿ. ನನ್ನ ಸಹಿ ಮೇಲೂ ಗೀಟು ಎಳಿ."

ಶಿವ ದೊಡ್ಡವನು. ಗುಡಿಯ ಮುಂದೆ ಸಭೆ ಸೇರಿತು, ಅವ್ವ ತಲೆಗೆ ಸೆರಗು ಹೊದ್ದು ಎದ್ದು ನಿಂತು ಕೇಳಿದಳು, ಬೇಸಿಗೆಯೊಳಗೆ ಕಟ್ಟೆ ಬಂತು. ಫೀಸು ಕಟ್ಟಲು ಅಪ್ಪನೇ ಸೊರಬದ ಬಸ್ಸು ಹತ್ತಿದ. ಗ್ರಾಮಸಭೆಯ ಪ್ರಶ್ನೆ ಪರೀಕ್ಷೆಗೆ ಬರಲೇ ಇಲ್ಲ. ಆದರೂ ಅಕ್ಕ ಪಾಸಾದಳು, ಟೀಚರೂ ಆದಳು.

ಈಗ ಶಿಕಾರಿಪುರದ ನಮ್ಮ ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು. ನೀವು ಮೊಬೈಲಿನಲ್ಲಿ ಪಾಠ ಕೇಳುತ್ತಾ, "ಅಜ್ಜಿ, ಸಮಾಜ ಯಾಕೆ ಪಾಸಾಗ್ಲೇಬೇಕು?" ಎಂದು ರಾಗ ಎಳೆಯುತ್ತೀರಿ. ಊರಿಗೆ ಹೋದಾಗಲೆಲ್ಲ ಬಾವಿಕಟ್ಟೆಗೆ ಒರಗಿ ಫೋಟೊ ತೆಗೆಸಿಕೊಳ್ಳುತ್ತೀರಲ್ಲ, ಅದು ಅವ್ವ ಕೇಳಿದ ಕಟ್ಟೆ.

ಸರಿ, ಓದಿಕೊಳ್ಳಿ. ನಾಳೆ ಸೋಮವಾರ, ದೀಪ ತಿಕ್ಕುವುದು ಹಾಗೇ ಉಳಿದಿದೆ.