ನಾಲ್ಕು ಡಬ್ಬಿ, ಒಂದು ಬೆಕ್ಕು

ಡಬ್ಬಿಗಳನ್ನು ಬೆಕ್ಕು ಉರುಳಿಸಿತು ಎಂದು ನಾನು ತಂಗಿಗೆ ಹೇಳಿದ್ದು ಸುಳ್ಳು. ನಿಜ ಹೇಳುವುದು ಒಂದೂವರೆ ವರ್ಷ ನನ್ನಿಂದಾಗಲಿಲ್ಲ.

ನಾನು ಗಡಿನಾಡಿನ ಬರದ ಸೀಮೆ, ಜತ್ತ ತಾಲೂಕಿನ ದರಿಬಡಚಿಯವನು. ಕುರಿ ಕಾಯ್ದವನು, ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವನು. ತಂಗಿ ಕಸ್ತೂರಿ ಕೊಂಕಣದ ದಂಡೆಯಲ್ಲಿ ಸಮುದ್ರದ ಎಲುಬಿಲ್ಲದ ಜೀವಿಗಳನ್ನು ಅಭ್ಯಾಸ ಮಾಡುತ್ತಾಳೆ. ಬಸವನಹುಳು, ಏಡಿ, ನಕ್ಷತ್ರಮೀನು, ಯಾವುದು ಯಾವ ಕುಲದ್ದು ಎಂದು ವಿಂಗಡಿಸುವುದು ಅವಳ ಕೆಲಸ. ಬಂಡೆಗಳ ಮೇಲೆ ಒಬ್ಬಳೇ ಓಡಾಡುತ್ತಾಳೆಂದು ಜೊತೆಗೆ ಬಂದೆ.

ಮೊದಲ ದಿನ ಹೆದರಿದೆ. ಮುಂಜಾನೆ ಕಂಡ ನೀರು ಮಧ್ಯಾಹ್ನ ಇರಲಿಲ್ಲ! ಸಮುದ್ರ ಹಿಂದೆ ಸರಿಯುವ ಈ ಹೊತ್ತಿಗೆ ಇಲ್ಲಿಯವರು ‘ಓಹೋಟಿ’ ಎನ್ನುತ್ತಾರೆ. ನಮ್ಮ ಕಡೆ ಹೋದ ನೀರಿಗೆ ವರ್ಷಗಟ್ಟಲೆ ಕಾಯುತ್ತೇವೆ. ಇಲ್ಲಿ ಸಂಜೆಗೆ ತಿರುಗಿ ಬರುತ್ತದೆ. ಜೋಳದ ರೊಟ್ಟಿ ಸಿಗಲಿಲ್ಲ. ನಾವು ಬಾಡಿಗೆಗಿದ್ದ ಮನೆಯ ಒಡತಿ ಮಾವಶಿ ನನ್ನ ಮರಾಠಿ ಕೇಳಿ ನಗುತ್ತಲೇ ಅಕ್ಕಿಯ ಭಾಕರಿ ಬಡಿದು ಹೊಟ್ಟೆ ತುಂಬಿಸಿದರು.

ಒಂದು ದಿನ ತಂಗಿ, ಬಂಡೆಗಳ ನಡುವೆ ನೀರು ನಿಲ್ಲುವ ನಾಲ್ಕು ಮಡುಗಳ ಬಸವನಹುಳುಗಳನ್ನು ನಾಲ್ಕು ಡಬ್ಬಿಗಳಲ್ಲಿ ಹಲಗೆಯ ಮೇಲಿಟ್ಟು ಕಾಲೇಜಿಗೆ ಹೋದಳು. ನೆರವಾಗೋಣವೆನಿಸಿತು. ಬೆರೆತ ಕುರಿಗಳನ್ನು ಮೋರೆ ನೋಡಿಯೇ ಬೇರೆ ಮಾಡುವವನಿಗೆ ಇದೇನು ಕಷ್ಟ? ಎಲ್ಲವನ್ನೂ ಒಟ್ಟಿಗೆ ಸುರಿದು, ಚಿಪ್ಪಿನ ಮೇಲಿನ ಪಟ್ಟೆ ನೋಡಿ, ಜಾತಿಗೊಂದು ಡಬ್ಬಿ ಮಾಡಿದೆ. ಆಮೇಲೆ ಡಬ್ಬಿಗಳಿಗೆ ಅಂಟಿಸಿದ್ದ ಚೀಟಿ ಓದಿದೆ. ಯಾವ ಹುಳು ಯಾವ ಮಡುವಿನದು ಎಂಬುದೇ ಅವಳಿಗೆ ಬೇಕಿತ್ತು. ಹುಳುಗಳನ್ನು ಬೆರೆಸಿ ಅದನ್ನೇ ನಾನು ಅಳಿಸಿಬಿಟ್ಟಿದ್ದೆ. ಗೇಟಿನ ಸದ್ದು ಕೇಳುತ್ತಲೇ ಹಲಗೆಯನ್ನು ನಾನೇ ಕೆಡವಿದೆ.

ನನ್ನ ಮಾತು ನಂಬಿ ಮಾವಶಿ ತಮ್ಮ ಬೆಕ್ಕನ್ನು ಹೊರಗಟ್ಟಿದರು. ಆ ಮಡುಗಳು ಮತ್ತೆ ಬಯಲಾಗುವಷ್ಟು ದೊಡ್ಡ ಓಹೋಟಿಗೆ ತಂಗಿ ಅಮಾವಾಸ್ಯೆಯ ತನಕ ಕಾದಳು. ಮತ್ತೆ ಹುಳು ಆರಿಸುವಾಗ ಬಂಡೆಗಂಟಿದ ಚಿಪ್ಪೊಂದು ಅವಳ ಪಾದ ಸೀಳಿತು. ಹೊಲಿಗೆ ಬಿದ್ದವು.

ಏನೂ ಅರಿಯದ ಅವಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹುಳು ಗುರುತಿಸಲು ಕಲಿಸಿದಳು.

“ಯಣ್ಣಾ, ಇವೆರಡೂ ಒಂದs ಏನ?”

“ಅಲ್ಲವ್ವ. ಇದರ ಬಾಯಾಗ ಹಲ್ಲಿನಂಥಾವು ಅದಾವ ನೋಡು.”

“ಭಾಳ ಚಲೋ ನೋಡ್ತಿ ಬಿಡು! ನಮ್ಮ ಸರ್‌ಗೆ ಚಸ್ಮಾ ಬೇಕು.”

ಸಾಲಿಯಲ್ಲಿ ಎಂದೂ ಸಿಗದ ಮೆಚ್ಚುಗೆ ಈ ಬಂಡೆಗಳ ಮೇಲೆ ಸಿಕ್ಕಿತು. ಈಗ ಊರಿಗೆ ಹೋದರೆ ಓಹೋಟಿಯ ಹೊತ್ತು ನೆನಪಾಗುತ್ತದೆ. ಇಲ್ಲಿ ಸಂಜೆಯಾದರೆ ಕಿವಿ ಕುರಿಗಳ ಗಂಟೆ ಹುಡುಕುತ್ತದೆ.

ಮೊನ್ನೆ ತಂಗಿ ತನ್ನ ಪ್ರಬಂಧದ ಮೊದಲ ಹಾಳೆ ಓದಿ ಹೇಳಿದಳು: ‘ನನ್ನ ಒಂದು ಹುಳುವೂ ತಪ್ಪಿಹೋಗದಂತೆ ಕಾಯ್ದ ಅಣ್ಣನಿಗೆ ಋಣಿ.’ ಕಾಲು ಮಡಚಿ ಕುಳಿತ ಅವಳ ಪಾದದಲ್ಲಿ ಹೊಲಿಗೆಯ ಗುರುತು ಕಾಣುತ್ತಿತ್ತು. ಬೆಕ್ಕು ಹೊಸ್ತಿಲಾಚೆಯೇ ಕೂತಿತ್ತು.

“ಆ ಸಾಲು ತಗಿ, ತಂಗಿ,” ಎಂದೆ. “ಡಬ್ಬಿ ಕೆಡವಿದ್ದು ಬೆಕ್ಕಲ್ಲ, ನಾನು. ನಿನ್ನ ಕಾಲು ಕೊಯ್ದಿದ್ದೂ ನನ್ನ ಸುಳ್ಳs. ತಪ್ಪಾತವ್ವ.”